ಹ್ಯಾಂಡಿ ಸೆಟ್ಟು ವರ್ಷಗಟ್ಟಲೆ ಬಾಳೋಕೆ: ರಿಪೇರಿ ಸರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ವೈರ್‌ಲೆಸ್ ಸೆಟ್ ರಿಪೇರಿಯಲ್ಲೇ ಜೀವನ ಕಳೆದಿರೋ ನಮ್ಮ ಗುಂಪಿನ ಸರ್ ಇವತ್ತು ಸಂಜೆ ತನಕ ಉತ್ತರ ಕೊಡ್ತಾರೆ. ವಿಷಯ ಡ್ಯುಯಲ್ ಬ್ಯಾಂಡ್ ಹ್ಯಾಂಡಿ ಮಾತ್ರ, ಅಂದ್ರೆ ಹ್ಯಾಮ್ ರೇಡಿಯೋ ಹವ್ಯಾಸಿಗಳು ಕೈಯಲ್ಲಿ ಹಿಡಿಯೋ, ಎರಡು ಬ್ಯಾಂಡಲ್ಲಿ ಮಾತಾಡೋ ವೈರ್‌ಲೆಸ್ ಸೆಟ್, ಅದೂ ಹಳೇದಾದ ಸೆಟ್ಟುಗಳನ್ನ ಉಳಿಸ್ಕೊಳ್ಳೋದು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹುಬ್ಬಳ್ಳಿ ಹ್ಯಾಮ್: ಸರ್ ನಮಸ್ಕಾರ್ರೀ. ನನ್ನ ಕಡೆ ಯಾಯೆಸು ಕಂಪನಿ ಎಫ್‌ಟಿ-60ಆರ್ ಐತಿ, 2011ರಾಗ ತಗೊಂಡಿದ್ದು. ಬ್ಯಾಟರಿ ಫುಲ್ ತೋರಸ್ತೈತಿ ಆದ್ರ ಪಿಟಿಟಿ (ಮಾತಾಡಾಕ ಒತ್ತೋ ಬಟನ್) ಒತ್ತಿದ ಕೂಡ್ಲೇ ಆಫ್ ಆಗಿ ಮತ್ತ ಆನ್ ಆಗ್ತೈತಿ. ಲೋ ಪವರ್ ಇಟ್ರ ಏನೂ ಆಗಂಗಿಲ್ಲ. ಸೆಟ್ ಹೋತೇನ್ರೀ?

ರಿಪೇರಿ ಸರ್: ಸೆಟ್ ಹೋಗಿಲ್ಲ, ಬ್ಯಾಟರಿ ಪ್ಯಾಕ್ ಹೋಗಿದೆ. 5 ವಾಟಲ್ಲಿ ಅದು ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತೆ. ಹಳೇ ನಿಕಲ್ ಸೆಲ್ಲುಗಳ ಒಳಗಿನ ರೆಸಿಸ್ಟೆನ್ಸ್ ಏರಿರುತ್ತೆ, ಅಷ್ಟು ಎಳೆದ ತಕ್ಷಣ ವೋಲ್ಟೇಜ್ ಕುಸಿದು ಸೆಟ್ ರೀಸೆಟ್ ಆಗುತ್ತೆ. ಅರ್ಧ ವಾಟಲ್ಲಿ ಅಷ್ಟು ಭಾರ ಬೀಳಲ್ಲ ಅದಕ್ಕೇ ಸರಿ ಇರುತ್ತೆ. ಫುಲ್ ಅಂತ ತೋರ್ಸೋದು ಭಾರ ಇಲ್ಲದಾಗಿನ ವೋಲ್ಟೇಜ್, ಅದನ್ನ ನಂಬಬೇಡಿ. ಸ್ನೇಹಿತರ ಒಳ್ಳೇ ಪ್ಯಾಕ್ ಹಾಕಿ ಒಂದ್ಸಲ ಒತ್ತಿ ನೋಡಿ, ಆಮೇಲೆ ದುಡ್ಡು ಖರ್ಚು ಮಾಡಿ.

ಹುಬ್ಬಳ್ಳಿ ಹ್ಯಾಮ್: ಭಾಳ ಉಪಕಾರ ಆತ್ರೀ ಸರ್. ಮಾರಾಕ ಹೊಂಟಿದ್ದೆ.

ಹೊಸ ವಿಯು3: ಸರ್ ಮೊದಲ ಸಲ 8 ಗಂಟೆ ಚಾರ್ಜ್ ಮಾಡ್ಲೇಬೇಕಾ? ಮತ್ತೆ ಪೂರ್ತಿ ಖಾಲಿ ಮಾಡಿ ಚಾರ್ಜ್ ಹಾಕಿದ್ರೆ ಜಾಸ್ತಿ ವರ್ಷ ಬರುತ್ತಾ?

ರಿಪೇರಿ ಸರ್: ಅದು ನಿಕಲ್ ಕಾಲದ ಮಾತು. ಲಿಥಿಯಂಗೆ ಎರಡೂ ಬೇಡ. ಪೂರ್ತಿ ಖಾಲಿ ಮಾಡೋದ್ರಿಂದ ಲಿಥಿಯಂ ಸಾಯುತ್ತೆ. ತಿಂಗಳುಗಟ್ಟಲೆ ಎತ್ತಿಡೋದಾದ್ರೆ ಅರ್ಧ ಚಾರ್ಜಲ್ಲಿ, ಸೆಟ್ಟಿಂದ ಬಿಚ್ಚಿ, ತಂಪಾದ ಜಾಗದಲ್ಲಿ ಇಡಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬೇಡ.

ತೀರ್ಥಹಳ್ಳಿ: ಸರ್ ನಂದು ಸ್ವಲ್ಪ ವಿಚಿತ್ರ ಕಣ್ರೀ. ನಂದೂ ಎಫ್‌ಟಿ-60, 2009ರದ್ದು, ಇಷ್ಟು ವರ್ಷ ಒಂದು ದಿನ ಕೈ ಕೊಟ್ಟಿದ್ದಿಲ್ಲ. ಎರಡು ಮಳೆಗಾಲದಿಂದ ಅದಷ್ಟಕ್ಕೇ ಅದು ಟ್ರಾನ್ಸ್‌ಮಿಟ್ ಆಗ್ತದೆ. ಯಾರೂ ಮುಟ್ಟಿರಲ್ಲ, ಕೆಂಪು ಲೈಟು ಹತ್ತಿಕೊಂಡಿರ್ತದೆ. ಮೊನ್ನೆ ರಿಪೀಟರನ್ನ (ಎಲ್ಲರ ಮಾತನ್ನೂ ದೂರಕ್ಕೆ ಮರುಪ್ರಸಾರ ಮಾಡೋ ಸ್ಟೇಷನ್) ಹತ್ತು ನಿಮಿಷ ಹಿಡ್ಕೊಂಡಿದ್ದೆ ಅಂತ ಮೂರು ಜನ ಫೋನ್ ಮಾಡಿ ಬೈದ್ರು. ಬೇಸಿಗೇಲಿ ಒಂದೇ ಒಂದು ಸಲ ಆಗಿಲ್ಲ. ಪಿಟಿಟಿ ಬಟನ್ ಹೋಯ್ತು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಬಟನ್ ಕಟ ಕಟ ಅಂತ ಚೆನ್ನಾಗೇ ಇದೆ.

ರಿಪೇರಿ ಸರ್: ನಿಮ್ಮದಕ್ಕೆ ಪೂರ್ತಿ ಉತ್ತರ ಬರೀತೀನಿ. ಮೊದಲು ಮೂರು ವಿಷಯ ಹೇಳಿ. ದಿನದ ಯಾವ ಹೊತ್ತಲ್ಲಿ ಜಾಸ್ತಿ? ಹೊರಗಿನ ಸ್ಪೀಕರ್ ಮೈಕ್ ಬಳಸ್ತೀರಾ? ಸೆಟ್ಟಿನ ಪಕ್ಕದ ಜಾಕಿಗೆ ಇರೋ ರಬ್ಬರ್ ಮುಚ್ಚಳ ಇನ್ನೂ ಇದೆಯಾ?

ಕುಂದಾಪುರ: ನನ್ನದಕ್ಕೆ ಒಂದು ಸಣ್ಣ ಡೌಟ್ ಉಂಟು ಸರ್. ವಾಲ್ಯೂಮ್ ತಿರುಗಿಸುವಾಗ ಕರ ಕರ ಶಬ್ದ. ಡಬ್ಲ್ಯೂಡಿ-40 ಹೊಡೆದ್ರೆ ಆಗ್ತದಾ?

ರಿಪೇರಿ ಸರ್: ಬೇಡ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಅಂತಲೇ ಸಿಗುತ್ತೆ, ಅದನ್ನ ನಾಬ್ ತೆಗೆದು ಶಾಫ್ಟಿನ ಬುಡಕ್ಕೆ ಒಂದು ಹನಿ, ಸೆಟ್ ಬ್ಯಾಟರಿ ಬಿಚ್ಚಿಟ್ಟು. ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ ಒಣಗೋಕೆ ಬಿಡಿ.

ಮೈಸೂರು: ಸರ್, ನಮ್ಮ ತಂದೆಯವರ ಸೆಟ್ಟಿನ ಬ್ಯಾಟರಿ ಸ್ವಲ್ಪ ಉಬ್ಬಿದೆ, ಕಡಿಮೆ ರೇಟಿಗೆ ಸಿಕ್ಕಿದ ಜಾಸ್ತಿ ಎಂಎಎಚ್ ಪ್ಯಾಕ್. ಸೆಟ್ಟಿಗೆ ಸರಿಯಾಗಿ ಕೂರ್ತಿರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿ ಟೈಟ್ ಮಾಡಿದೀನಿ, ಕೆಲಸ ಮಾಡ್ತಿದೆ. ಅವರಿಗೆ 78, ಮಂಚದ ಪಕ್ಕದಲ್ಲೇ ಚಾರ್ಜರ್ ಕ್ರೇಡಲಲ್ಲಿ ರಾತ್ರಿ ಪೂರ್ತಿ ಇರುತ್ತೆ, ಬೆಳಗ್ಗೆ ನೆಟ್ಟಿಗೆ (ಹ್ಯಾಮ್‌ಗಳು ರೇಡಿಯೋಲಿ ಸೇರಿ ಮಾತಾಡೋದು) ಚೆಕ್ ಇನ್ ಆಗೋದು ಅವರಿಗೆ ದೊಡ್ಡ ಖುಷಿ. ಬ್ಯಾಟರಿ ಮೊದಲಿನ ಹಾಗೆ ಮಾಡೋಕೆ ಏನಾದ್ರೂ ದಾರಿ ಇದೆಯಾ?

ಟ್ರೆಕ್ ಪ್ರಿಯ: ಫಾರ್ವರ್ಡ್ ಬಂದಿತ್ತು: ಉಬ್ಬಿದ ಬ್ಯಾಟರಿಯನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ 24 ಗಂಟೆ ಫ್ರೀಜರಲ್ಲಿಟ್ರೆ ಇಳಿಯುತ್ತೆ, ಇಳೀದಿದ್ರೆ ಮೂಲೇಲಿ ಸೂಜಿಯಿಂದ ಚುಚ್ಚಿ ಗಾಳಿ ಬಿಟ್ಟು ಟೇಪ್ ಹಾಕಿ. ನಮ್ಮ ಕಸಿನ್ ಮಾಡಿದ್ದಾನೆ.

ರಿಪೇರಿ ಸರ್: ಮೈಸೂರಿನವರೇ, ಇದನ್ನ ಓದ್ತಿದ್ದ ಹಾಗೇ ಎದ್ದು ಹೋಗಿ ಚಾರ್ಜರ್ ಪ್ಲಗ್ ಕಿತ್ತು ಬನ್ನಿ, ಆಮೇಲೆ ಮುಂದೆ ಓದಿ.

ಆ ಪ್ಯಾಕಲ್ಲಿ ಎರಡು ಲಿಥಿಯಂ ಸೆಲ್ ಸಾಲಾಗಿದಾವೆ, ಅದಕ್ಕೇ 7.4 ವೋಲ್ಟ್, ಪೂರ್ತಿ ಚಾರ್ಜಲ್ಲಿ 8.4. ಉಬ್ಬಿದೆ ಅಂದ್ರೆ ಒಳಗಿನ ದ್ರಾವಣ ಕೊಳೆತು ಗ್ಯಾಸ್ ಆಗಿದೆ ಅಂತ ಅರ್ಥ. ಗ್ಯಾಸ್ ವಾಪಸ್ ದ್ರಾವಣ ಆಗಲ್ಲ, ಫ್ರೀಜರಲ್ಲಿಟ್ರೂ ಆಗಲ್ಲ, ತಣ್ಣಗಾದಾಗ ಸ್ವಲ್ಪ ಕುಗ್ಗಿದ ಹಾಗೆ ಕಾಣುತ್ತೆ ಅಷ್ಟೇ, ಹೊರಗೆ ತಂದಾಗ ಮೇಲೆ ನೀರು ಬೆವರುತ್ತೆ ಅದು ಇನ್ನೊಂದು ತೊಂದರೆ. ನೀವು ರಬ್ಬರ್ ಬ್ಯಾಂಡ್ ಹಾಕಿ ಬಿಗಿದಿದೀರಲ್ಲ, ಅದು ನನಗೆ ಜಾಸ್ತಿ ಭಯ. ಒಳಗೆ ಎರಡು ಪದರದ ಮಧ್ಯೆ ಕಾಗದಕ್ಕಿಂತ ತೆಳ್ಳಗಿನ ಪ್ಲಾಸ್ಟಿಕ್ ಇದೆ, ಒತ್ತಡ ಬಿದ್ದು ಅದು ಹರಿದ್ರೆ ಒಳಗೇ ಶಾರ್ಟ್. ಆಗ ಅದನ್ನ ಆಫ್ ಮಾಡೋಕೆ ಸ್ವಿಚ್ ಇಲ್ಲ. ಚುಚ್ಚೋದಂತೂ ಬೆಂಕಿಗೆ ನೇರ ದಾರಿ, ಮುಖದ ಹತ್ರ ಹಿಡ್ಕೊಂಡು ಚುಚ್ಚೋದು ಬೇರೆ. ಬರೋ ಹೊಗೆ ಶ್ವಾಸಕೋಶಕ್ಕೆ ವಿಷ.

ಈಗ ಮಾಡಬೇಕಾದ್ದು ಇಷ್ಟು. ರಬ್ಬರ್ ಬ್ಯಾಂಡ್ ನಿಧಾನಕ್ಕೆ ಬಿಚ್ಚಿ. ಪ್ಯಾಕ್ ತೆಗೀರಿ, ಬರ್ಲಿಲ್ಲ ಅಂದ್ರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಸೆಟ್ ಸಮೇತ ಹೊರಗೆ ಒಯ್ಯಿರಿ. ಲೋಹದ ಕಾಂಟ್ಯಾಕ್ಟ್ ಮೇಲೆ ಟೇಪ್ ಅಂಟಿಸಿ. ಮಣ್ಣಿನ ಕುಂಡದಲ್ಲಿ ಒಣ ಮರಳು ಹಾಕಿ ಅದರಲ್ಲಿಟ್ಟು ಮನೆ ಹೊರಗೆ, ಮಳೆ ಬೀಳದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ನಾಳೆ ಇ-ತ್ಯಾಜ್ಯ ತಗೊಳ್ಳೋವ್ರಿಗೆ ಕೊಡಿ, ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಒತ್ತೋ ಯಂತ್ರದಲ್ಲಿ ಬೆಂಕಿ ಹತ್ತುತ್ತೆ. ತಂದೆಯವರ ನೆಟ್ ತಪ್ಪಬಾರದು ಅಂದ್ರೆ ಯಾರಾದ್ರೂ ಸ್ಥಳೀಯ ಹ್ಯಾಮ್ ಒಂದು ಪ್ಯಾಕ್ ಕೊಡ್ತಾರೆ, ಕೇಳಿ. ಹೊರಗಿಟ್ಟ ಮೇಲೆ ಇಲ್ಲಿ ಒಂದು ಸಾಲು ಹಾಕಿ.

ಟ್ರೆಕ್ ಪ್ರಿಯ: ಇಷ್ಟೊಂದು ಹೆದರಿಸೋದು ಬೇಡ ಸರ್, ಕಸಿನ್ ಮಾಡಿ ಎಂಟು ತಿಂಗಳಾಯ್ತು ಏನೂ ಆಗಿಲ್ಲ.

ರಿಪೇರಿ ಸರ್: ಆಗಿಲ್ಲ ಅನ್ನೋದು ಅವರ ಅದೃಷ್ಟ. ಆ ಫಾರ್ವರ್ಡ್ ಡಿಲೀಟ್ ಮಾಡಿ.

ತೀರ್ಥಹಳ್ಳಿ: ಸರ್ ನಿಮ್ಮ ಪ್ರಶ್ನೆಗೆ: ಬೆಳಗಿನ ಹೊತ್ತೇ ಜಾಸ್ತಿ, 6ರಿಂದ 8ರ ಒಳಗೆ. ಸ್ಪೀಕರ್ ಮೈಕ್ ಮೊದಲು ಬಳಸ್ತಿದ್ದೆ, ಎರಡು ವರ್ಷದಿಂದ ಇಲ್ಲ. ರಬ್ಬರ್ ಮುಚ್ಚಳ ಕಿತ್ತು ಹೋಗಿ ಎಷ್ಟೋ ಕಾಲ ಆಯ್ತು. ಸೆಟ್ ಬಚ್ಚಲುಮನೆ ಗೋಡೆ ಪಕ್ಕದ ಕಿಟಕೀಲಿ ಇಡ್ತೀನಿ, ಸಿಗ್ನಲ್ ಅಲ್ಲೇ ಚೆನ್ನಾಗಿ ಸಿಗೋದು.

ರಿಪೇರಿ ಸರ್: ಉತ್ತರ ನಿಮ್ಮ ಹತ್ರಾನೇ ಇದೆ ನೋಡಿ. ಬೆಳಗ್ಗೆ ಹಂಡೆ ಒಲೆ ಹೊತ್ತಿಸ್ತೀರ, ಬಿಸಿನೀರಿನ ಹಬೆ ಕಿಟಕೀಗೆ ಬರುತ್ತೆ, ರಾತ್ರಿಯಿಂದ ತಣ್ಣಗಿರೋ ಸೆಟ್ಟಿನ ಮೇಲೆ ಬೆವರುತ್ತೆ, ಮುಚ್ಚಳ ಇಲ್ಲದ ಜಾಕಿನೊಳಗೂ ಬೆವರುತ್ತೆ. ಈ ತರ ಒಂದೇ ಜಾಕಲ್ಲಿ ಮೈಕೂ ಸ್ಪೀಕರೂ ಇರೋ ಸೆಟ್ಟುಗಳಲ್ಲಿ ಹೊರಗಿನ ಪಿಟಿಟಿಗೆ ಬೇರೆ ತಂತಿ ಇಲ್ಲ. ಮೈಕಿನ ಲೈನಿಂದ ಗ್ರೌಂಡಿಗೆ ಸ್ವಲ್ಪ ಕರೆಂಟ್ ಹರಿದ್ರೆ ಸಾಕು, ಯಾರೋ ಪಿಟಿಟಿ ಒತ್ತಿದ್ರು ಅಂತ ಸೆಟ್ ತಿಳ್ಕೊಳ್ಳುತ್ತೆ. ಬರೀ ನೀರಾಗಿದ್ರೆ ಅಷ್ಟು ಹರಿಯಲ್ಲ. ಆದ್ರೆ ಹದಿನೈದು ವರ್ಷದ ಬೆವರು, ಒಲೆಯ ಹೊಗೆ, ತಾಮ್ರ ಹಸಿರುಗಟ್ಟಿದ ಕಿಲುಬು ಎಲ್ಲಾ ಸೇರಿ ಒದ್ದೆಯಾದಾಗ ಚೆನ್ನಾಗಿ ಹರಿಯುತ್ತೆ. ಬೇಸಿಗೇಲಿ ಒಣಗಿರುತ್ತೆ, ಹರಿಯಲ್ಲ. ಬಟನ್ ಸರಿ ಇದೆ ಅಂತ ನೀವು ಹೇಳಿದ್ದು ನಿಜ, ಬೇರೆಯವರು ಹೇಳಿದ್ರು ಅಂತ ಅದನ್ನ ಬದಲಾಯಿಸಿದ್ರೆ ದುಡ್ಡೂ ಹೋಗ್ತಿತ್ತು, ಕಾಯಿಲೆನೂ ಉಳೀತಿತ್ತು.

ಬ್ಯಾಟರಿ ಬಿಚ್ಚಿ. ಐಸೊಪ್ರೊಪೈಲ್ ಆಲ್ಕೋಹಾಲ್, ನೀರಿಲ್ಲದ ಶುದ್ಧದ್ದು, ಸಣ್ಣ ಬ್ರಷ್ಷಿಗೆ ಹಚ್ಚಿ ಜಾಕಿನೊಳಗೆ ತಿರುಗಿಸಿ, ಬಟ್ಟೇಲಿ ಒರೆಸಿ, ಹಸಿರು ಬರೋದು ನಿಲ್ಲೋ ತನಕ. ಒಂದು ದಿನ ಫ್ಯಾನ್ ಕೆಳಗೆ ಬಿಡಿ. ರಿಪೇರಿ ಆಗೋ ತನಕ ಮೆನುವಲ್ಲಿ ಪಿಟಿಟಿ ಲಾಕ್ ಮಾಡಿಡಿ, ಟಿಓಟಿ (ಇಷ್ಟು ಹೊತ್ತಾದ ಮೇಲೆ ಟ್ರಾನ್ಸ್‌ಮಿಟ್ ತಾನೇ ನಿಲ್ಲಿಸೋ ಟೈಮರ್) ಚಿಕ್ಕದಾಗಿ ಇಡಿ, ಆಮೇಲೂ ಅದನ್ನ ಹಾಗೇ ಬಿಡಿ. ಟಿಓಟಿ ಇದ್ದಿದ್ರೆ ಮೊನ್ನೆ ಹತ್ತು ನಿಮಿಷ ಆಗ್ತಿರಲಿಲ್ಲ. ಆಂಟೆನಾ ಸರಿ ಇಲ್ದೆ ಅಷ್ಟು ಹೊತ್ತು ಟ್ರಾನ್ಸ್‌ಮಿಟ್ ಆಗಿದ್ರೆ ಆಂಟೆನಾಗೆ ಪವರ್ ಕೊಡೋ ಫೈನಲ್ ಟ್ರಾನ್ಸಿಸ್ಟರ್ ಬೇಯ್ತಿತ್ತು, ಅದೂ ನೋಡ್ಕೊಳ್ಳಿ.

ಸಾಗರ ಕೃಷಿಕ: ಅಷ್ಟೆಲ್ಲ ಯಾಕೆ, ನಾವು ಅಡಿಕೆ ಅಟ್ಟದ ಮೇಲೆ ಎರಡು ದಿನ ಇಡ್ತೀವಿ. ಇಲ್ಲಾಂದ್ರೆ ಅಕ್ಕಿ ಡಬ್ಬಿ.

ರಿಪೇರಿ ಸರ್: ಅಟ್ಟದ ಹೊಗೆಯೇ ಜಾಕಲ್ಲಿ ಕೂತಿರೋದು. ಅಕ್ಕಿ ಹಿಟ್ಟು ಜಾಕೊಳಗೆ ಹೋಗಿ ಅಂಟಾಗಿ ನನ್ನ ಟೇಬಲ್ಲಿಗೆ ಎಷ್ಟು ಸೆಟ್ ಬಂದಿದಾವೋ ಲೆಕ್ಕ ಇಲ್ಲ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ, ಅದು ಸಾಕು.

ಮಡಿಕೇರಿ ತೋಟ: ಸರ್ ತೋಟದ ಕೆಲಸದವರಿಗೆ ಅಂತ ನಾಲ್ಕು ಯುವಿ-5ಆರ್ ತಗೊಂಡಿದೀನಿ. ಲೈಸೆನ್ಸ್ ಇಲ್ಲ, ಪರೀಕ್ಷೆ ಬರಿಯೋಕೆ ಟೈಮಿಲ್ಲ. 433 ಮೆಗಾಹರ್ಟ್ಸ್ ಹತ್ರ ಇಟ್ಕೊಂಡ್ರೆ ಯಾರಿಗೂ ತೊಂದ್ರೆ ಇಲ್ವಲ್ಲ?

ಬೆಂಗಳೂರು ಹಿರಿಯ: ಇದೇ ನೋಡಿ ಈ ಹವ್ಯಾಸ ಹಾಳಾಗ್ತಿರೋದು. ನಾವು ಕೋಡ್ ಕಲಿತು, ಪರೀಕ್ಷೆ ಬರೆದು, ದೆಹಲಿಯಿಂದ ಕಾಗದ ಬರೋಕೆ ವರ್ಷ ಕಾದೋರು.

ಮಡಿಕೇರಿ ತೋಟ: ನಾನು ಕೇಳಿದ್ದು ಸೆಟ್ ಬಗ್ಗೆ. ಆನೆ ಬಂದಾಗ ಕೆಲಸದವರಿಗೆ ಹೇಳೋಕೆ ಮೊಬೈಲ್ ಸಿಗ್ನಲ್ ಇಲ್ಲ ಸ್ವಾಮಿ, ನಿಮ್ಮ ಮೋರ್ಸ್ ಕೋಡಿಂದ ಆನೆ ಓಡುತ್ತಾ?

ಬೆಂಗಳೂರು ಹಿರಿಯ: ಮಾತು ನೆಟ್ಟಗಿರಲಿ.

ಕುಂದಾಪುರ: ಅವರು ಹೇಳಿದ್ದು ಸರಿಯೇ ಅಲ್ವಾ ಮಾರಾಯ್ರೆ, ಜೀವದ ಪ್ರಶ್ನೆ. ಸ್ವಲ್ಪ ತಾಳ್ಮೆಯಿಂದ ಹೇಳಬಹುದಿತ್ತು.

ರಿಪೇರಿ ಸರ್: ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಯುಎಚ್‌ಎಫ್ ಅಂದ್ರೆ 434ರಿಂದ 438, ವಿಎಚ್‌ಎಫ್ 144ರಿಂದ 146 ಮೆಗಾಹರ್ಟ್ಸ್. ಲೈಸೆನ್ಸ್ ಇದ್ರೂ ತೋಟದ ವ್ಯವಹಾರಕ್ಕೆ ಹ್ಯಾಮ್ ಬ್ಯಾಂಡ್ ಬಳಸೋ ಹಾಗಿಲ್ಲ. ಆನೆ ವಿಷಯ ನನಗೆ ಅರ್ಥ ಆಗುತ್ತೆ, ಅದಕ್ಕೆ ದಾರಿ ಇದೆ: 446.0ರಿಂದ 446.2 ಮೆಗಾಹರ್ಟ್ಸಲ್ಲಿ ಕೆಲಸ ಮಾಡೋ ಕಡಿಮೆ ಪವರಿನ ಸೆಟ್ಟುಗಳಿಗೆ 2018ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ. ಅದಕ್ಕಂತಲೇ ಮಾಡಿರೋ ಸೆಟ್ ತಗೊಳ್ಳಿ. ಯುವಿ-5ಆರ್ ಅನ್ನ 446ಕ್ಕೆ ಟ್ಯೂನ್ ಮಾಡಿದ್ರೆ ಅದು ಆ ಸೆಟ್ ಆಗಲ್ಲ.

ಮಡಿಕೇರಿ ತೋಟ: ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತು. ಥ್ಯಾಂಕ್ಸ್.

ಹಾಸನ: ಸರ್ ಮೊದಲ ಚಾರ್ಜ್ 8 ಗಂಟೆ ಬೇಕಾ?

ರಿಪೇರಿ ಸರ್: ಮೇಲೆ ಓದಿ.

ಉಡುಪಿ ವಿದ್ಯಾರ್ಥಿನಿ: ಸರ್, ಹ್ಯಾಂಡೀಲಿ ಐಎಸ್‌ಎಸ್ (ಬಾಹ್ಯಾಕಾಶ ನಿಲ್ದಾಣ) ರಿಪೀಟರ್ ಹಿಡಿಯೋಕಾಗುತ್ತಾ? ಸೆಟ್ಟಿನ ಜೊತೆ ಬಂದ ಆಂಟೆನಾದಲ್ಲಿ ಕೇಳೋದು ಒಂದೆರಡು ಪದ, ಅಷ್ಟೇ.

ರಿಪೇರಿ ಸರ್: ಆಗುತ್ತೆ. ಕಳಿಸೋದು 145.990, ಜೊತೆಗೆ ರಿಪೀಟರ್ ತೆರೆಯೋ ಟೋನ್ 67 ಹರ್ಟ್ಸ್, ಕೇಳೋದು 437.800. ನಿಲ್ದಾಣ ಹತ್ರ ಬರುವಾಗ 437.810ರ ಹತ್ರ, ದೂರ ಹೋಗುವಾಗ 437.790 ಕಡೆ ಇಳಿಸ್ತಾ ಬನ್ನಿ, ನಿಲ್ದಾಣದ ಓಟಕ್ಕೆ ಫ್ರೀಕ್ವೆನ್ಸಿ ಸರಿಯುತ್ತೆ, ಅದೇ ಡಾಪ್ಲರ್. ಜೊತೆಗೆ ಬಂದ ಆಂಟೆನಾ ಸಾಲದು, ಕೈಯಲ್ಲಿ ಹಿಡಿಯೋ ಯಾಗಿ (ಒಂದೇ ದಿಕ್ಕಿಗೆ ತಿರುಗಿಸೋ ಆಂಟೆನಾ) ನೀವೇ ಮಾಡ್ಕೊಳ್ಳಿ. ಆದ್ರೆ ಆ ಉದ್ದ ಆಂಟೆನಾನ ನೇರವಾಗಿ ಸೆಟ್ಟಿಗೆ ತಿರುಪಬೇಡಿ, ಮಧ್ಯೆ ಮೆತ್ತನೆ ಕೇಬಲ್ ಇರಲಿ. ಎಸ್‌ಎಂಎ (ಸೆಟ್ಟಿಗೆ ಆಂಟೆನಾ ಕೂರೋ) ಕನೆಕ್ಟರ್ ಬಿಚ್ಚಿ ಹಾಕೋಕೆ ಸುಮಾರು 500 ಸಲ ಅಂತ ಲೆಕ್ಕ, ಅದರ ಬುಡ ಅಲ್ಲಾಡಿದ್ರೆ ಒಳಗಿನ ಬೆಸುಗೆ ಬಿಡುತ್ತೆ. ನನ್ನ ಹತ್ರ ಬರೋ ‘ಕಿವುಡು’ ಸೆಟ್ಟುಗಳಲ್ಲಿ ಅರ್ಧಕ್ಕರ್ಧ ಅದೇ.

ಬೆಂಗಳೂರು ಹಿರಿಯ: 2005ರಲ್ಲಿ ನಮ್ಮ ಹ್ಯಾಮ್‌ಸ್ಯಾಟ್ ಉಪಗ್ರಹದಲ್ಲಿ ಹ್ಯಾಂಡಿ ಹಿಡ್ಕೊಂಡೇ ಮಾತಾಡಿದೀವಿ, ಯಾಗಿ ಗೀಗಿ ಬೇಕಿರಲಿಲ್ಲ.

ಧಾರವಾಡ: ಹ್ಯಾಮ್‌ಸ್ಯಾಟ್ ಲೀನಿಯರ್ ಟ್ರಾನ್ಸ್‌ಪಾಂಡರ್ ಇತ್ರೀ, ಎಸ್‌ಎಸ್‌ಬಿ ಮಾತು ಮತ್ತ ಸಿಡಬ್ಲ್ಯೂ ಅಂದ್ರ ಮೋರ್ಸಿಗೆ, ಎಫ್‌ಎಂಗಲ್ಲ. ಎಫ್‌ಎಂ ಹ್ಯಾಂಡೀಲೆ ಹೆಂಗ ಮಾತಾಡಿದ್ರಿ?

ಬೆಂಗಳೂರು ಹಿರಿಯ: ನೀವು ಆಗ ಲೈಸೆನ್ಸ್ ತಗೊಂಡಿದ್ರಾ?

ಧಾರವಾಡ: ತಗೊಂಡಿದ್ನೋ ಇಲ್ಲೋ, 435ರಾಗ ಎಫ್‌ಎಂ ಹಾಕಿದ್ರ ಇಡೀ ಟ್ರಾನ್ಸ್‌ಪಾಂಡರ್ ಪವರ್ ತಿಂತಿತ್ತು, ಅದನ್ನ ಮಾಡಬ್ಯಾಡ್ರಿ ಅಂತ ಆಗಿನವ್ರೇ ಹೇಳ್ತಿದ್ರು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಹ್ಯಾಮ್‌ಸ್ಯಾಟ್ 2014ರಲ್ಲೇ ನಿಂತಿದೆ.

ದಾವಣಗೆರೆ: ಸರ್ ಪ್ರೋಗ್ರಾಮಿಂಗ್ ಕೇಬಲ್ ಡ್ರೈವರ್ ಎರರ್ ಬರ್ತಿದೆ, ಚಿರ್ಪ್ ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ.

ಹೊಸ ವಿಯು3: ಸರ್ 10,000 ಒಳಗೆ ಯಾವ ಸೆಟ್ ಬೆಸ್ಟ್?

ಕುಂದಾಪುರ: ಕೈಯಲ್ಲಿ ಹಿಡಿದಾಗ ರೇಂಜ್ ಕಡಿಮೆ. ತಂತಿ ಬಾಲ ಕಟ್ಟಿದ್ರೆ ಜಾಸ್ತಿ ಆಗ್ತದೆ ಅಂತಾರೆ, ನಿಜವಾ?

ರಿಪೇರಿ ಸರ್: ನಿಜ. ಆಂಟೆನಾ ಬುಡದ ಗ್ರೌಂಡಿಗೆ 49 ಸೆಂಟಿಮೀಟರ್ ತಂತಿ, 145 ಮೆಗಾಹರ್ಟ್ಸಿಗೆ ಅದು ಕಾಲು ತರಂಗದ ಉದ್ದ. ಕೆಳಗೆ ನೇತಾಡಲಿ. ಮಧ್ಯದ ಪಿನ್ನಿಗೆ ತಾಗಬಾರದು.

ಟ್ರೆಕ್ ಪ್ರಿಯ: ಕಾರಿನ 12 ವೋಲ್ಟನ್ನ ನೇರ ಬ್ಯಾಟರಿ ಪಿನ್ನಿಗೆ ಕೊಟ್ರೆ ಬೇಗ ಚಾರ್ಜ್ ಆಗುತ್ತೆ ಅಂತ ಇನ್ನೊಂದು ವಿಡಿಯೋ ಇದೆ, ಹಾಕ್ಲಾ?

ರಿಪೇರಿ ಸರ್: ಹಾಕಬೇಡಿ. 8.4ರ ಪ್ಯಾಕಿಗೆ ಓಡ್ತಿರೋ ಕಾರಿನ 14 ವೋಲ್ಟ್ ಕೊಡ್ತೀರಾ? ಬೆಳಗ್ಗೆಯಿಂದ ಎರಡನೇ ಸಲ ಹೇಳ್ತಿದೀನಿ, ನಿಮ್ಮ ಫಾರ್ವರ್ಡ್ ನೋಡಿ ಯಾರ ಮನೇಲಾದ್ರೂ ಬೆಂಕಿ ಬಿದ್ರೆ ಹೊಣೆ ಯಾರು?

ಟ್ರೆಕ್ ಪ್ರಿಯ: ಕೇಳಿದ್ದೇ ತಪ್ಪಾ? ಗುಂಪು ಬಿಡ್ತೀನಿ.

ಅಡ್ಮಿನ್: ಯಾರೂ ಬಿಡೋದು ಬೇಡ. ಫಾರ್ವರ್ಡ್ ಮಾತ್ರ ಬಿಡಿ.

ತೀರ್ಥಹಳ್ಳಿ: ಸರ್ ಈಗಷ್ಟೇ ಬ್ರಷ್ ಹಾಕಿದೆ. ನೀವು ಹೇಳಿದ್ದೇ ನಿಜ, ಬಟ್ಟೆ ತುಂಬಾ ಹಸಿರು ಮಸಿ ಬಂತು. ಫೋಟೋ ಹಾಕಿದೀನಿ. ಮೂರನೇ ಸಲಕ್ಕೂ ಸ್ವಲ್ಪ ಬರ್ತಿದೆ.

ರಿಪೇರಿ ಸರ್: ಫೋಟೋ ನೋಡಿದೆ. ಒಳಗಿನ ಎರಡನೇ ಕಾಂಟ್ಯಾಕ್ಟ್ ಪತ್ತಿ ಕಪ್ಪಾಗಿದೆ, ಅದು ತಿಂದು ಹೋಗಿದೆ ಅನ್ಸುತ್ತೆ. ಇನ್ನೂ ಎರಡು ಸಲ ತೊಳೀರಿ, ಮುಂದಿನ ಮಳೇಲಿ ಮತ್ತೆ ಬಂದ್ರೆ ಜಾಕೇ ಬದಲಾಯಿಸೋಣ, ದೊಡ್ಡ ಕೆಲಸ ಅಲ್ಲ. ಬೋರ್ಡಿಗೆ ಹರಡೋ ಮೊದಲು ಸಿಕ್ಕಿದ್ದು ಒಳ್ಳೇದಾಯ್ತು. ಕಿಟಕಿ ಇವತ್ತೇ ಬದಲಾಯಿಸಿ, ರಬ್ಬರ್ ಮುಚ್ಚಳ ಬೇರೆ ಸಿಗೋ ತನಕ ಜಾಕಿನ ಬಾಯಿಗೆ ಟೇಪ್.

ತೀರ್ಥಹಳ್ಳಿ: ಹಾಗೇ ಮಾಡ್ತೀನಿ ಸರ್. ಬೈದೋರಿಗೂ ಹೇಳ್ತೀನಿ, ನಾನು ಬೇಕಂತ ಹಿಡ್ಕೊಂಡಿದ್ದಲ್ಲ ಅಂತ.

ಹಾಸನ: ಸರ್ 8 ಗಂಟೆ?

ಹೊಸ ವಿಯು3: ಮೇಲೆ ಓದಿ ಅಂದ್ರಲ್ಲ ಸರ್.

ರಿಪೇರಿ ಸರ್: ಮೈಸೂರಿನವರೇ, ಮಧ್ಯಾಹ್ನದಿಂದ ನಿಮ್ಮದು ಮಾತಿಲ್ಲ. ಮೆಸೇಜ್ ಓದಿದೀರ ಅಂತ ತೋರಿಸ್ತಿದೆ. ಕತ್ತಲಾಗ್ತಾ ಬಂತು, ಅವರು ಮಲಗೋ ಹೊತ್ತು. ಪ್ಯಾಕ್ ಕೋಣೆಯಿಂದ ಹೊರಗೆ ಹೋಯ್ತಾ? ಹೌದು ಅಂತ ಒಂದು ಪದ ಹಾಕಿ ಸಾಕು. ಇಲ್ಲಿ ಮೈಸೂರಿನ ಬೇರೆ ಯಾರಾದ್ರೂ ಇದ್ರೆ ಅವರ ಮನೆ ಗೊತ್ತಿದ್ರೆ ಒಂದ್ಸಲ ಹೋಗಿ ನೋಡಿ ಬನ್ನಿ.