ಒಂದು ಪಿಕಪ್, ನಾಲ್ಕು ಸ್ಟೇರಿಂಗ್ ಪಂಪು: ತಪ್ಪು ಯಾರದ್ದು?

ಪ್ರಶ್ನೆ:

ಗುಂಪಿನ ಮೆಕ್ಯಾನಿಕ್‌ಗಳಿಗೆ ನಮಸ್ಕಾರ. ನನ್ನದೊಂದು ಡೀಸೆಲ್ ಪಿಕಪ್. ಗಾಡಿ ಜೊತೆ ಬಂದ ಪವರ್ ಸ್ಟೇರಿಂಗ್ ಪಂಪು (ಆಯಿಲಿನ ಒತ್ತಡದಿಂದ ಸ್ಟೇರಿಂಗ್ ಹಗುರ ಮಾಡುವುದು) 1 ಲಕ್ಷ 40 ಸಾವಿರ ಕಿಲೋಮೀಟರ್ ತಕರಾರಿಲ್ಲದೆ ನಡೆಯಿತು. ಅದು ಹೋದ ಮೇಲೆ ಶುರುವಾಯಿತು ನೋಡಿ ಗ್ರಹಚಾರ. ಎರಡನೆಯದು 7 ತಿಂಗಳು ಬಂತು. ಮೂರನೆಯದು 5 ತಿಂಗಳು. ಈಗಿರುವುದು ನಾಲ್ಕನೆಯದು, ಹಾಕಿ 6 ವಾರ ಆಗಿದೆ ಅಷ್ಟೇ, ಆಗಲೇ ಗುಂಯ್ ಅಂತ ರಾಗ ಎಳೆಯುತ್ತಿದೆ. ನಡುವಿನ ಎರಡೂ ರಿಪೇರಿ ಮಾಡಿದ ಪಂಪು, ಈಗಿನದು ಹೊಚ್ಚ ಹೊಸದು.

ಪ್ರತಿ ಸಲವೂ ಕತೆ ಒಂದೇ. ಮೊದಲು ತಿರುವಿನಲ್ಲಿ ಸದ್ದು, ಆಮೇಲೆ ನಿಂತ ಜಾಗದಲ್ಲಿ ಸ್ಟೇರಿಂಗ್ ಗಟ್ಟಿ, ಕೊನೆಗೆ ಪಂಪಿಗೆ ಬೆಲ್ಟ್ ಸುತ್ತುವ ಪುಲ್ಲಿಯ ಹಿಂದಿನಿಂದ ಆಯಿಲ್ ಸೋರಿಕೆ. ಗ್ಯಾರೇಜಿನವರು ಪಂಪೇ ಸರಿಯಿಲ್ಲ ಅನ್ನುತ್ತಾರೆ, ಪಂಪು ಮಾರಿದವರು ಕೂರಿಸಿದ್ದೇ ಸರಿಯಿಲ್ಲ ಅನ್ನುತ್ತಾರೆ. ನಡುವೆ ನಾನು. ಐದನೆಯದು ತರುವ ಮೊದಲು ಕಾರಣ ಗೊತ್ತಾಗಬೇಕು. ಎಲ್ಲಿಂದ ನೋಡಲಿ?

ಉತ್ತರ (ಸ್ಟೇರಿಂಗ್, ಹೈಡ್ರಾಲಿಕ್ ಕೆಲಸದ ಮೆಕ್ಯಾನಿಕ್):

7 ತಿಂಗಳು, 5 ತಿಂಗಳು, 6 ವಾರ. ಈ ಲೆಕ್ಕದಲ್ಲೇ ಅರ್ಧ ಉತ್ತರ ಇದೆ. ಪಂಪುಗಳೇ ಕಳಪೆಯಾಗಿದ್ದರೆ ಒಂದು ಬೇಗ, ಒಂದು ತಡವಾಗಿ, ಹೇಗೆಂದರೆ ಹಾಗೆ ಹೋಗುತ್ತಿದ್ದವು. ನಿಮ್ಮದರಲ್ಲಿ ಪ್ರತಿ ಪಂಪಿನ ಆಯಸ್ಸು ಹಿಂದಿನದಕ್ಕಿಂತ ಕಡಿಮೆ. ಅದರಲ್ಲೂ ಹೊಸ ಪಂಪು ಎಲ್ಲಕ್ಕಿಂತ ಬೇಗ ಕೂಗಿದೆ. ಅಂದರೆ ಆಯಿಲ್ ಓಡಾಡುವ ಲೈನಿನ ಒಳಗೆ ಏನೋ ಸೇರುತ್ತಾ ಹೋಗಿದೆ ಅಂತ ನನ್ನ ಅನುಮಾನ.

ಪಂಪಿನ ಒಳಗೆ ಒಂದು ರೋಟರ್ ಇರುತ್ತದೆ. ಅದರ ಸೀಳುಗಳಲ್ಲಿ ವೇನ್ ಅನ್ನುವ ಪುಟ್ಟ ಪಟ್ಟಿಗಳು. ತಿರುಗುವಾಗ ಇವು ಹೊರಗೆ ಚಾಚಿಕೊಂಡು ಸುತ್ತಲಿನ ಉಂಗುರದ ಒಳಮೈಯನ್ನು ಸವರುತ್ತಾ ಹೋಗುತ್ತವೆ. ಎರಡರ ನಡುವೆ ಇರುವುದು ಆಯಿಲಿನ ತೆಳು ಪದರ ಮಾತ್ರ, ಬೇರೆ ಗ್ರೀಸೂ ಇಲ್ಲ ಎಂಥದೂ ಇಲ್ಲ. ಆ ಪದರದಲ್ಲಿ ಲೋಹದ ಪುಡಿ ಬಂದರೆ ಉಂಗುರ ಗೀರುತ್ತದೆ. ಗಾಳಿ ಬಂದರೆ ಪದರವೇ ಇರುವುದಿಲ್ಲ. ಆಯಿಲ್ ಸುಟ್ಟರೆ ಸೀಲ್ ಗಟ್ಟಿಯಾಗಿ ಸೋರುತ್ತದೆ. ಪಂಪು ಸಾಯುವ ದಾರಿ ಹೆಚ್ಚು ಕಡಿಮೆ ಈ ಮೂರೇ.

ಈಗ ನನ್ನ ಪ್ರಶ್ನೆ. ಮೊದಲ ಪಂಪು ಹೋದಾಗ ಲೈನ್ ಫ್ಲಶ್ ಮಾಡಿದರಾ (ಹಳೆ ಆಯಿಲ್ ಪೂರ್ತಿ ತೆಗೆದು ಹೊಸದರಲ್ಲಿ ತೊಳೆದರಾ), ಅಥವಾ ಪಂಪು ಬಿಚ್ಚಿ ಪಂಪು ಕೂರಿಸಿ, ಪಂಪಿಗೆ ಆಯಿಲ್ ಕೊಡುವ ಡಬ್ಬಿಯಲ್ಲಿ ಕಡಿಮೆಯಾದಷ್ಟು ಆಯಿಲ್ ಸುರಿದು ಕಳಿಸಿದರಾ? ಆಯಿಲ್ ಡಬ್ಬಿ ಹಳೆಯದೇ ಇದೆಯಾ? ಯಾವ ಆಯಿಲ್ ಹಾಕಿದ್ದಾರೆ? ಎಂಜಿನ್ ಓಡುತ್ತಿರುವಾಗ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ, ನೊರೆ ಇದೆಯಾ? ಆಮೇಲೆ ಬಿಳಿ ಟಿಶ್ಯೂ ಮೇಲೆ ನಾಲ್ಕು ಹನಿ ಬಿಟ್ಟು ಬಿಸಿಲಲ್ಲಿ ಓರೆ ಮಾಡಿ ನೋಡಿ. ಮಿಂಚುತ್ತಿದ್ದರೆ ಅದು ಹಳೆ ಪಂಪಿನ ಬೂದಿ.

ಪ್ರಶ್ನೆ ಕೇಳಿದವರು:

ಫ್ಲಶ್ ಮಾಡಿದ್ದು ನನಗೆ ನೆನಪಿಲ್ಲ, ಬಿಲ್ಲಿನಲ್ಲೂ ಇಲ್ಲ. ಡಬ್ಬಿ ಹಳೆಯದೇ. ಹಾಕಿದ್ದು ಕೆಂಪು ಆಯಿಲ್, ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿಗೂ ಹಾಕುವ ಆಯಿಲ್) ಅಂದರು. ಮ್ಯಾನ್ಯುಯಲ್‌ನಲ್ಲೂ ಅದೇ ಇದೆ. ಟಿಶ್ಯೂ ಮೇಲೆ ಬಿಟ್ಟೆ. ಕಂದು ಬಣ್ಣ, ಸುಟ್ಟ ವಾಸನೆ, ಓರೆ ಮಾಡಿದರೆ ಬೆಳ್ಳಿ ಪುಡಿ ಉದುರಿಸಿದ ಹಾಗೆ ಮಿಣಮಿಣ. ಒಂದಿಷ್ಟು ಗುಳ್ಳೆಯೂ ಇದೆ.

ಉತ್ತರ:

ಅಲ್ಲಿಗೆ ಆಯಿತು. ಆಯಿಲ್ ಸರಿಯಾದದ್ದೇ, ಅದೊಂದು ಸಮಾಧಾನ. ಆದರೆ ಮೂರು ಸತ್ತ ಪಂಪುಗಳ ಪುಡಿ ನಾಲ್ಕನೆಯದರಲ್ಲಿ ಸುತ್ತು ಹೊಡೆಯುತ್ತಿದೆ.

ಡಬ್ಬಿ ಬಿಚ್ಚಿ. ಸುಮಾರು ಗಾಡಿಗಳಲ್ಲಿ ಡಬ್ಬಿಯ ತಳದಲ್ಲಿ ಸಣ್ಣ ಜಾಲರಿ ಇರುತ್ತದೆ, ಮೇಲಿಂದ ಕಾಣುವುದಿಲ್ಲ. ಅದು ಕಟ್ಟಿಕೊಂಡರೆ ಡಬ್ಬಿ ತುಂಬಾ ಆಯಿಲ್ ಇದ್ದರೂ ಪಂಪಿನ ಬಾಯಿಗೆ ಬೀಳುವುದಿಲ್ಲ. ಪಂಪು ಎಳೆಯುತ್ತದೆ, ಆಯಿಲ್ ಬರುವುದಿಲ್ಲ, ಒಳಗೆ ಗುಳ್ಳೆ ಹುಟ್ಟಿ ಒಡೆಯುತ್ತದೆ, ನೀವು ಕೇಳುತ್ತಿರುವ ಆ ಗುಂಯ್ ಅದರದ್ದೂ ಆಗಿರಬಹುದು. ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಹೋಸ್ ಕೂಡ ಹಿಸುಕಿ ನೋಡಿ. ಈ ಹೋಸಿನಲ್ಲಿ ಒತ್ತಡ ಇಲ್ಲ, ಎಳೆತ ಇದೆ. ಹಾಗಾಗಿ ಕ್ಲಿಪ್ ಸಡಿಲವಿದ್ದರೆ ಆಯಿಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ಕೆಳಗೆ ಒಂದು ಹನಿ ಬೀಳದಿದ್ದರೂ ಲೀಕ್ ಇರುತ್ತದೆ, ಇದನ್ನು ತುಂಬಾ ಜನ ನಂಬುವುದೇ ಇಲ್ಲ.

ಇನ್ನೊಂದು, ಸುಟ್ಟ ವಾಸನೆ. ಪುಡಿಯೊಂದರಿಂದಲೇ ಆಯಿಲ್ ಹಾಗೆ ಸುಡುವುದಿಲ್ಲ. ಎಲ್ಲೋ ತಡೆ ಇದೆ, ಇಲ್ಲಾಂದ್ರೆ ಯಾರೋ ಸ್ಟೇರಿಂಗನ್ನು ಕೊನೆವರೆಗೂ ತಿರುಗಿಸಿ ಹಿಡಿದುಕೊಳ್ಳುತ್ತಿದ್ದಾರೆ. ಪೂರ್ತಿ ತಿರುಗಿಸಿ ಹಿಡಿದಾಗ ಆಯಿಲ್ ಎಲ್ಲೂ ಹೋಗಲಾರದೆ ಪಂಪಿನೊಳಗೆ ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವ್ ಮೂಲಕ ಅಲ್ಲಲ್ಲೇ ಸುತ್ತುತ್ತದೆ, ಸೆಕೆಂಡುಗಳಲ್ಲಿ ಕಾದುಬಿಡುತ್ತದೆ. ಗಾಡಿಗೆ ದೊಡ್ಡ ಟೈರ್ ಹಾಕಿಸಿದ್ದೀರಾ?

ಮತ್ತೊಬ್ಬ ಮೆಕ್ಯಾನಿಕ್:

ನಡುವೆ ಬಾಯಿ ಹಾಕುತ್ತೇನೆ, ಬೇಜಾರಿಲ್ಲ ಅಲ್ವಾ. ಪುಲ್ಲಿ ಹೇಗೆ ಕೂರಿಸಿದರು ಅಂತ ಕೇಳಿ. ಒತ್ತಿ ಕೂರಿಸುವ ಪುಲ್ಲಿ ಆಗಿದ್ದರೆ ಅದಕ್ಕೆ ಸ್ಕ್ರೂ ತಿರುಗಿಸುವ ಟೂಲ್ ಬೇಕು. ಟೂಲ್ ಇಲ್ಲದವರು ಸುತ್ತಿಗೆಯಲ್ಲಿ ಬಡಿಯುತ್ತಾರೆ. ಆ ಏಟು ಶಾಫ್ಟ್ ಮೂಲಕ ನೇರ ರೋಟರ್‌ಗೆ ಹೋಗುತ್ತದೆ, ಹೊಸ ಪಂಪು ಸ್ಟಾರ್ಟ್ ಆಗುವ ಮೊದಲೇ ಏಟು ತಿಂದಿರುತ್ತದೆ. ಪುಲ್ಲಿ ಹಿಂದಿನ ಸೋರಿಕೆಗೆ ನಾನು ಮೊದಲು ನೋಡುವುದು ಅದನ್ನೇ. ಬೆಲ್ಟ್ ಅತಿಯಾಗಿ ಬಿಗಿದರೂ ಅಲ್ಲೇ ಶಾಫ್ಟ್ ಹಿಡಿದಿರುವ ಬುಶ್ ಸವೆದು ಸೀಲ್ ಹೋಗುತ್ತದೆ.

ಉತ್ತರ:

ಒಪ್ಪಿದೆ. ಆದರೆ ಬೆಲ್ಟಿನಿಂದ ಆಯಿಲ್ ಕಂದಾಗುವುದಿಲ್ಲ. ಎರಡೂ ಇರಬಹುದು.

ಪ್ರಶ್ನೆ ಕೇಳಿದವರು:

ಟೈರ್ ಕಂಪನಿ ಅಳತೆಯದೇ. ಸುತ್ತಿಗೆ ವಿಷಯ... ಮೂರನೇ ಪಂಪು ಹಾಕುವಾಗ ನಾನು ಅಲ್ಲೇ ನಿಂತಿದ್ದೆ. ಮರದ ತುಂಡು ಇಟ್ಟು ಬಡಿದರು. ಮರ ಇಟ್ಟರೆ ಪರವಾಗಿಲ್ಲ ಅಂದುಕೊಂಡೆ.

ನಿನ್ನೆ ಡಬ್ಬಿ ಬಿಚ್ಚಿದೆ. ತಳದಲ್ಲಿ ಜಾಲರಿ ಇದೆ ಅನ್ನುವುದೇ ಗೊತ್ತಿರಲಿಲ್ಲ. ಬೆರಳು ಹಾಕಿ ಸವರಿದರೆ ಕಾಡಿಗೆ ಥರದ ಕಪ್ಪು ಪೇಸ್ಟ್ ಬಂತು, ಉಗುರಿನಲ್ಲಿ ಕೆರೆದರೆ ಮಾತ್ರ ಜಾಲರಿಯ ಕಣ್ಣು ಕಾಣುತ್ತದೆ. ಬೆರಳ ಹತ್ತಿರ ಅಯಸ್ಕಾಂತ ಹಿಡಿದೆ, ಪೇಸ್ಟ್ ಮುಳ್ಳು ಮುಳ್ಳಾಗಿ ಎದ್ದು ನಿಂತಿತು! ಡಬ್ಬಿ ಹೊಸದು ತರುತ್ತೇನೆ. ಇಷ್ಟೇ ಸಾಕಾ?

ಉತ್ತರ:

ಸಾಲದು. ತಡೆ ಎಲ್ಲಿದೆ ಅಂತ ಗೇಜ್ ಹಾಕಿಯೇ ನೋಡಬೇಕು. ಇಲ್ಲಿ ಊಹೆ ಮಾಡಿದರೆ ಐದನೇ ಪಂಪಿಗೂ ಇದೇ ಗತಿ.

ಪಂಪಿನಿಂದ, ಚಕ್ರ ತಿರುಗಿಸುವ ಸ್ಟೇರಿಂಗ್ ಬಾಕ್ಸಿಗೆ ಹೋಗುವ ಒತ್ತಡದ ಲೈನಿನಲ್ಲಿ ವಾಲ್ವ್ ಇರುವ ಪ್ರೆಶರ್ ಗೇಜ್ ಸೇರಿಸಿ. ವಾಲ್ವ್ ಪೂರ್ತಿ ತೆರೆದಿರಲಿ, ಆಯಿಲ್ ಬೆಚ್ಚಗಾಗಿರಲಿ, ಎಂಜಿನ್ ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ, ಚಕ್ರ ನೇರ. ಆಗ ಸಾಮಾನ್ಯವಾಗಿ 10 ಬಾರ್ (ಒತ್ತಡದ ಅಳತೆ) ಒಳಗೆ ಇರಬೇಕು. 14 ದಾಟಿದರೆ ಪಂಪಿನ ಮುಂದೆ ಎಲ್ಲೋ ದಾರಿ ಕಟ್ಟಿದೆ ಅಂತ ಅರ್ಥ, ಹೋಸ್, ಬಾಕ್ಸ್, ಆಯಿಲ್ ತಣಿಸುವ ಕೂಲರ್, ಡಬ್ಬಿಗೆ ವಾಪಸ್ ಬರುವ ರಿಟರ್ನ್ ಲೈನ್ ಎಲ್ಲವೂ ಅದರಲ್ಲಿ ಬಂತು. ಆಮೇಲೆ ವಾಲ್ವ್ ಮುಚ್ಚಿ ಪಂಪಿನ ಪೂರ್ತಿ ಒತ್ತಡ ನೋಡಿ. ಎಷ್ಟಿರಬೇಕು ಅನ್ನುವುದು ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. ಇದನ್ನು 5 ಸೆಕೆಂಡಿಗಿಂತ ಜಾಸ್ತಿ ಮುಚ್ಚಿ ಹಿಡಿಯಬೇಡಿ, ಟೆಸ್ಟ್ ಮಾಡಲು ಹೋಗಿ ಪಂಪು ಸುಟ್ಟವರಿದ್ದಾರೆ. ಕೊನೆಗೆ ವಾಲ್ವ್ ತೆರೆದು, ಸ್ಟೇರಿಂಗ್ ಕೊನೆವರೆಗೆ ಒಂದು ಕ್ಷಣ ತಿರುಗಿಸಿ. ಮುಚ್ಚಿದಾಗ ಬಂದಷ್ಟೇ ಒತ್ತಡ ಇಲ್ಲೂ ಬರಬೇಕು. ಕಡಿಮೆ ಬಂದರೆ ಸ್ಟೇರಿಂಗ್ ಬಾಕ್ಸ್ ಒಳಗೇ ಸೋರುತ್ತಿದೆ, ಪಂಪಿನದ್ದಲ್ಲ.

ಹೈ ಪ್ರೆಶರ್ ಹೋಸ್ ಮೂಲದ್ದೇ ಆಗಿದ್ದರೆ ಸುಮ್ನೆ ಬದಲಿಸಿಬಿಡಿ. ಹಳೆ ರಬ್ಬರ್ ಹೋಸಿನ ಒಳಪದರ ಕಿತ್ತು ಬಾಗಿಲಿನ ಹಾಗೆ ಅಡ್ಡ ಬೀಳುವುದುಂಟು. ಹೊರಗಿನಿಂದ ಹೋಸ್ ಚೆನ್ನಾಗಿಯೇ ಕಾಣುತ್ತದೆ.

ಪ್ರಶ್ನೆ ಕೇಳಿದವರು:

ಗೇಜ್ ಇರುವ ಬೇರೆ ಗ್ಯಾರೇಜ್ ಹುಡುಕಿ ಹೋದೆ. ಐಡಲ್‌ನಲ್ಲಿ 19 ಬಾರ್! ಅವರು ರಿಟರ್ನ್ ಲೈನನ್ನು ಕೂಲರ್ ಹತ್ತಿರ ಬಿಚ್ಚಿ ಬಕೆಟ್ಟಿಗೆ ಬಿಟ್ಟರು, ಡಬ್ಬಿಗೆ ಆಯಿಲ್ ಸುರಿಯುತ್ತಾ ಮತ್ತೆ ನೋಡಿದರು, 8ಕ್ಕೆ ಇಳಿಯಿತು. ಕೂಲರ್‌ನಿಂದ ಡಬ್ಬಿಗೆ ವಾಪಸ್ ಬರುವ ಹೋಸ್ ಒಂದು ಬ್ರಾಕೆಟ್ ಹಿಂದೆ ಮಡಚಿ ಕೂತಿತ್ತು, ಮಡಿಕೆಯಲ್ಲಿ ಎರಡು ಬೆರಳಿಟ್ಟು ಒತ್ತಿದಷ್ಟು ಚಪ್ಪಟೆ. ಎರಡು ವರ್ಷದ ಹಿಂದೆ ಮುಂದಿನ ಬಂಪರ್ ಕೆಲಸ ಆಗಿತ್ತು. ಆಗ ಹಾಗೇ ತೂರಿಸಿ ಬಿಟ್ಟಿದ್ದಾರೆ ಅನ್ನಿಸುತ್ತದೆ.

ಉತ್ತರ:

ಸಿಕ್ಕಿತಲ್ಲ. ಮಡಿಕೆಯಿಂದ ಆಯಿಲ್ ಕಾದಿದೆ, ಮೊದಲ ಪಂಪು ಅದರಲ್ಲಿ ಹೋಗಿದೆ, ಅದರ ಪುಡಿ ಮಿಕ್ಕವನ್ನು ತಿಂದಿದೆ, ಸುತ್ತಿಗೆ ಒಂದಿಷ್ಟು ಸಹಾಯ ಮಾಡಿದೆ.

ಈಗ ಮಾಡುವ ಕ್ರಮ ಕೇಳಿ. ಹಳೆ ಡಬ್ಬಿ, ಹಳೆ ಪಂಪು ಇರುವಾಗಲೇ ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ರಿಟರ್ನ್ ಹೋಸ್ ಬಕೆಟ್ಟಿಗೆ, ಡಬ್ಬಿಯ ಆ ತೂತಿಗೆ ಬಿರಡೆ. ಎಂಜಿನ್ ಆಫ್, ಸ್ಟೇರಿಂಗ್ ಲಾಕ್ ಬಿಡುವಷ್ಟು ಕೀ ತಿರುಗಿಸಿ. ಒಬ್ಬರು ಆ ತುದಿಯಿಂದ ಈ ತುದಿಗೆ ನಿಧಾನ ತಿರುಗಿಸಲಿ, ಇನ್ನೊಬ್ಬರು ಹೊಸ ಆಯಿಲ್ ಹಾಕುತ್ತಿರಲಿ. ಬಕೆಟ್ಟಿಗೆ ಬೀಳುವುದು ಹೊಸ ಆಯಿಲಿನಷ್ಟೇ ಸ್ವಚ್ಛ ಆಗುವವರೆಗೆ ನಿಲ್ಲಿಸಬೇಡಿ. ಕೂಲರ್ ಬಿಚ್ಚಿ ಎರಡೂ ಕಡೆಯಿಂದ ತೊಳೆಯಿರಿ, ಆಗದಿದ್ದರೆ ಬದಲಿಸಿ, ಪುಡಿ ಅಡಗುವುದೇ ಅಲ್ಲಿ. ಆಮೇಲೆ ಹೊಸ ಡಬ್ಬಿ, ಹೊಸ ಪಂಪು, ಹೊಸ ಹೋಸ್. ಹೌದು, ಐದನೇ ಪಂಪು ಬೇಕೇ ಬೇಕು. ಈಗಿರುವುದರ ಉಂಗುರ ಆಗಲೇ ಗೀರಿರುತ್ತದೆ. ರಿಟರ್ನ್ ಲೈನಿನಲ್ಲಿ ಮ್ಯಾಗ್ನೆಟ್ ಇರುವ ಫಿಲ್ಟರ್ ಒಂದು ಸೇರಿಸಿ.

ಹೊಸ ಪಂಪನ್ನು ಒಣಗಿದ ಹಾಗೆ ಸ್ಟಾರ್ಟ್ ಮಾಡಬೇಡಿ. ಆಯಿಲ್ ತುಂಬಿ, ಮತ್ತೆ ಎಂಜಿನ್ ಆಫ್‌ನಲ್ಲೇ ಒಂದಿಪ್ಪತ್ತು ಸಲ ತಿರುಗಿಸಿ ಗಾಳಿ ತೆಗೆಯಿರಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್.

ಇನ್ನೊಬ್ಬ ಸದಸ್ಯರು:

ನನ್ನ ಭಾರಿ ಪಿಕಪ್‌ನಲ್ಲಿ ಪಂಪು ಕೂಗಿದಾಗ ಬ್ರೇಕೂ ಗಟ್ಟಿಯಾಗುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ:

ಇರಬಹುದು. ಕೆಲವು ಭಾರಿ ಪಿಕಪ್‌ಗಳಲ್ಲಿ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರ್ ಕೂಡ ಇದೇ ಪಂಪಿನ ಒತ್ತಡದಲ್ಲಿ ನಡೆಯುತ್ತದೆ. ನಿಮ್ಮದು ಹಾಗಿದ್ದರೆ ಓಡಿಸುವುದನ್ನು ನಿಲ್ಲಿಸಿ, ಮೊದಲು ತೋರಿಸಿ. ಫ್ಲಶ್ ಮಾಡುವಾಗ ಬ್ರೇಕ್ ಪೆಡಲ್ ಕೂಡ ಒತ್ತಿ ಒತ್ತಿ ಬಿಡಬೇಕು, ಇಲ್ಲದಿದ್ದರೆ ಬೂಸ್ಟರ್‌ನಲ್ಲಿರುವ ಕೊಳೆ ಅಲ್ಲೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲ ಮಾಡಿಸಿ ಮೂರು ವಾರ ಆಯಿತು. ಪುಲ್ಲಿಯನ್ನು ಟೂಲಿನಲ್ಲೇ ಕೂರಿಸಿದರು, ನಾನು ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಐಡಲ್‌ನಲ್ಲಿ 7 ಬಾರ್, ಸದ್ದಿಲ್ಲ. ನಿನ್ನೆ ಫಿಲ್ಟರ್ ಬಿಚ್ಚಿದೆ, ಮ್ಯಾಗ್ನೆಟ್ ಮೇಲೆ ಸಾಸಿವೆ ಕಾಳಿನಷ್ಟು ಬೂದು ಪೇಸ್ಟ್ ಇತ್ತು. ಹೆದರಬೇಕಾ?

ಉತ್ತರ:

ಬೇಡ. ಅದು ಮೂಲೆಯಲ್ಲಿ ಉಳಿದಿದ್ದ ಹಳೆಯದು. ಒರೆಸಿ ಹಾಕಿ, ಇನ್ನೊಂದು ತಿಂಗಳು ಬಿಟ್ಟು ಮತ್ತೆ ಬಿಚ್ಚಿ. ಆಗ ಇದಕ್ಕಿಂತ ಜಾಸ್ತಿ ಇದ್ದರೆ ಫೋಟೋ ಹಾಕಿ.