ಕ್ರಿಸ್‌ಮಸ್ ರಜೆಗೆ ಚಿಯಾಂಗ್ ಮಾಯ್: ಅಗ್ಗದ ಟಿಕೆಟ್ ಕೊನೆಗೂ ಅಗ್ಗವೇ?

ತುಂಗಾತೀರ: ಡಿಸೆಂಬರ್ ಕೊನೆಯ ವಾರ ಥಾಯ್ಲೆಂಡ್ ಪ್ರವಾಸ: ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಚಿಯಾಂಗ್ ಮಾಯ್. ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣ: ಡಾನ್ ಮುಆಂಗ್, ಸುವರ್ಣಭೂಮಿ. ದೊಡ್ಡವರು ಇಬ್ಬರು, 8 ಮತ್ತು 11 ವರ್ಷದ ಮಕ್ಕಳು. ಡಾನ್ ಮುಆಂಗ್‌ಗೆ ಹೋಗುವ ಬಜೆಟ್ ವಿಮಾನದಲ್ಲಿ ಹೋಗಿಬರಲು ತಲೆಗೆ 4,500 ರೂ. ಕಡಿಮೆ ತೋರಿಸ್ತಿದೆ. ಸುವರ್ಣಭೂಮಿಗೆ ಹೋಗುವುದರಲ್ಲಿ ಬ್ಯಾಗು, ಊಟ ಸೇರಿದೆ. ಯಾವುದು ಒಳ್ಳೆಯದು?

ರನ್‌ವೇ27: ಉಳಿತಾಯ 18,000 ಅಂತ ಈಗಲೇ ಲೆಕ್ಕ ಹಾಕಬೇಡಿ. ಹಣ ಕಟ್ಟುವ ಕೊನೆಯ ಪುಟದವರೆಗೆ ಹೋಗಿ ಮೊತ್ತ ನೋಡಿ. 20 ಕೆ.ಜಿ.ಯ ಎರಡು ಬ್ಯಾಗು ಅಂದರೆ ಹೋಗಿಬರಲು ನಾಲ್ಕು ಸಲ ದುಡ್ಡು. ಒಂದಕ್ಕೆ 3,000 ಅಂತಿಟ್ಟುಕೊಂಡರೂ 12,000 ಹೋಯಿತು. ಎಂಟು ಸೀಟಿಗೆ ತಲಾ 400 ಆದರೆ ಇನ್ನೊಂದು 3,200. ದರ ಥಾಯ್ ಹಣ ಬಾತ್‌ನಲ್ಲಿದ್ದರೆ ಕಾರ್ಡಿನವರು ಹಾಕುವ ವಿದೇಶಿ ವಿನಿಮಯ ಶುಲ್ಕ ಬೇರೆ. ಬ್ಯಾಗನ್ನು ಕೌಂಟರಿನಲ್ಲಿ ಕೊಳ್ಳೋಣ ಅಂದರೆ ಇನ್ನೂ ದುಬಾರಿ.

ಒಂದೇ_ಬ್ಯಾಗು: ಚೆಕ್‌ಇನ್ ಬ್ಯಾಗೇ ಬೇಡ. ಕೈಚೀಲ ನಾಲ್ಕು ಜನಕ್ಕೆ ತಲಾ 7 ಕೆ.ಜಿ. ಅಂದರೆ 28 ಕೆ.ಜಿ. ಆರು ದಿನಕ್ಕೆ ಧಾರಾಳ ಸಾಕು, ಸರ್. ಗಾಲಿ ಇರುವ ಟ್ರಾಲಿ ಖಾಲಿ ಇದ್ದಾಗಲೇ ಎರಡೂವರೆ ಕೆ.ಜಿ. ತೂಗುತ್ತದೆ, ಬೆನ್ನುಚೀಲ ತಗೊಳ್ಳಿ. ಬಜೆಟ್ ಕಂಪನಿ ಏರ್‌ಏಷ್ಯಾದಲ್ಲಿ ದೊಡ್ಡ ಚೀಲ 56×36×23 ಸೆಂ.ಮೀ. ಮೀರಬಾರದು. ಜತೆಗಿನ ಸಣ್ಣ ಚೀಲವೂ ಸೇರಿಯೇ 7 ಕೆ.ಜಿ.; ಇದು ಬಹಳ ಜನಕ್ಕೆ ಗೊತ್ತಿಲ್ಲ. ಚಿಯಾಂಗ್ ಮಾಯ್‌ನಲ್ಲಿ ಡಿಸೆಂಬರ್ ರಾತ್ರಿ ಚಳಿ ಇರುತ್ತದೆ, ಸ್ವೆಟರ್ ಮೈಮೇಲೇ ಇರಲಿ.

ರನ್‌ವೇ27: ಹೋಗುವಾಗ ಸರಿ. ಬರುವಾಗ ಮಕ್ಕಳಿಗೆ ಕೊಂಡ ಸಾಮಾನು? ವಾಪಸ್ ದಾರಿಗಾದರೂ ಒಂದು 20 ಕೆ.ಜಿ. ಮೊದಲೇ ಕೊಂಡಿರಬೇಕು.

ಒಂದೇ_ಬ್ಯಾಗು: ಅದಕ್ಕೆ ನನ್ನ ತಕರಾರಿಲ್ಲ.

ಸಕ್ಕರೆನಾಡು: ತಿಂಡಿ ಒಯ್ಯುವವರು ಗಮನಿಸಿ. ಒಣಕೊಬ್ಬರಿಯ ಎಣ್ಣೆಯಂಶ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಹಾಗಾಗಿ ಚೆಕ್‌ಇನ್ ಬ್ಯಾಗಿನಲ್ಲಿ ನಿಷೇಧ. ಕೈಚೀಲದಲ್ಲಿ ತುಪ್ಪ 100 ಮಿ.ಲೀ. ಮೀರುವಂತಿಲ್ಲ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು ಸುಮಾರು 74, ಪರವಾಗಿಲ್ಲ.

ಗೇಟ್_ಬದಲಾಗಿದೆ: ಎಲ್ಲರೂ ಬ್ಯಾಗಿನ ಹಿಂದೆ ಬಿದ್ದಿದ್ದೀರಿ. ನಿಜವಾದ ಅಪಾಯ ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸುವುದರಲ್ಲಿದೆ. ಎರಡು ಬೇರೆ ಬೇರೆ ಟಿಕೆಟ್ ಕೊಂಡು ಮೊದಲನೆಯದು ತಡವಾದರೆ ಎರಡನೆಯ ಕಂಪನಿಗೆ ಅದು ಸಂಬಂಧವೇ ಇಲ್ಲ, ನಾಲ್ಕೂ ಟಿಕೆಟಿನ ದುಡ್ಡು ಹೋದ ಹಾಗೆ. ಸುವರ್ಣಭೂಮಿಯಲ್ಲಿ ಇಳಿದು ಡಾನ್ ಮುಆಂಗ್‌ನಿಂದ ಹತ್ತುವ ಟಿಕೆಟ್ ಮಾತ್ರ ಬೇಡವೇ ಬೇಡ: ಒಂದು ಊರಿನ ಪೂರ್ವದಲ್ಲಿ, ಇನ್ನೊಂದು ಉತ್ತರದಲ್ಲಿ.

ಒಂದೇ_ಬ್ಯಾಗು: ಅದಕ್ಕೇ ಬಜೆಟ್ ವಿಮಾನ ಅನುಕೂಲ. ಡಾನ್ ಮುಆಂಗ್‌ನಲ್ಲಿ ಟರ್ಮಿನಲ್ 1ರಲ್ಲಿ ಇಳಿದು ಪಕ್ಕದ 2ರಿಂದ ದೇಶೀಯ ವಿಮಾನ. ಮೂರು ಗಂಟೆ ಅಂತರ ಸಾಕು.

ಗೇಟ್_ಬದಲಾಗಿದೆ: ರಜೆಯ ವಾರದಲ್ಲಿ, ಮಕ್ಕಳ ಜತೆ? ಇಮಿಗ್ರೇಷನ್ ಸಾಲು, ಬ್ಯಾಗು ಎತ್ತಿಕೊಳ್ಳುವುದು, ಮತ್ತೆ ಬ್ಯಾಗು ಕೊಡುವುದು. ಕೌಂಟರ್ ಬೇರೆ ಹೊರಡುವ ಹೊತ್ತಿಗೆ ಬಹಳ ಮುಂಚೆಯೇ ಮುಚ್ಚುತ್ತದೆ. ಬೇರೆ ಟಿಕೆಟ್ ಆದರೆ ಐದು ಗಂಟೆ ಇಟ್ಟುಕೊಳ್ಳಿ. ಅದಕ್ಕಿಂತ, ಒಂದೇ ಬುಕಿಂಗ್‌ನಲ್ಲಿ ಸಂಪರ್ಕ ವಿಮಾನವಾಗಿ ಮಾರುವ ಟಿಕೆಟ್ ಸಿಕ್ಕರೆ ಸಾವಿರ ಹೆಚ್ಚಾದರೂ ಅದನ್ನೇ ಕೊಳ್ಳಿ. ಬೆಂಗಳೂರಿನಲ್ಲಿ ಬ್ಯಾಗಿಗೆ ಕಟ್ಟುವ ಪಟ್ಟಿ ಓದಿ: ಸಿಎನ್‌ಎಕ್ಸ್ ಅಂತಿದ್ದರೆ ಚಿಯಾಂಗ್ ಮಾಯ್‌ವರೆಗೆ ಹೋಗುತ್ತದೆ, ಡಿಎಂಕೆ ಅಂತಿದ್ದರೆ ಡಾನ್ ಮುಆಂಗ್‌ನಲ್ಲಿ ನೀವೇ ಎತ್ತಿಕೊಳ್ಳಬೇಕು.

ಸಕ್ಕರೆನಾಡು: ಸೀಟಿನ ವಿಷಯ. 12 ವರ್ಷದೊಳಗಿನ ಮಕ್ಕಳಿಗೆ ಅಪ್ಪ ಅಥವಾ ಅಮ್ಮನ ಪಕ್ಕ ಜಾಗ ಕೊಡಬೇಕೆಂದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರಲ್ಲಿ ಸೂಚಿಸಿದೆ. ವಿದೇಶಿ ಕಂಪನಿಯಾದರೆ ಅದನ್ನೇ ನಂಬಿ ಕೂರಬೇಡಿ, ದೊಡ್ಡವರೊಬ್ಬರಿಗೆ ಮಗುವೊಂದರಂತೆ ಜೋಡಿ ಸೀಟು ಕೊಂಡುಬಿಡಿ.

ಟಿಕೆಟ್_ಮೇಜು: ಇನ್ನೆರಡು ಮಾತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ (ನಮ್ಮ ಕಡೆ ಇದು ಸಾಮಾನ್ಯ) ಮನಸ್ಸಿಗೆ ಬಂದಂತೆ ಇನಿಷಿಯಲ್ ಬಿಡಿಸಿ ತುಂಬಬೇಡಿ. ಹೇಗೆ ತುಂಬಬೇಕೆಂದು ಆ ಕಂಪನಿಯ ಸಹಾಯ ಪುಟದಲ್ಲಿ ನೋಡಿ. ಬಜೆಟ್ ಟಿಕೆಟಿನಲ್ಲಿ ಹೆಸರು ತಿದ್ದಿಸುವುದು ಕಷ್ಟ. ಥಾಯ್ಲೆಂಡಿನ ಡಿಜಿಟಲ್ ಅರೈವಲ್ ಕಾರ್ಡ್ 2025ರ ಮೇ 1ರಿಂದ ಕಡ್ಡಾಯ. ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಅದು ಉಚಿತ; ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ತುಂಗಾತೀರ: ಒಂದೇ ಬುಕಿಂಗ್‌ನ ಸಂಪರ್ಕ ಟಿಕೆಟ್ ಸಿಗ್ತಿದೆ, ಹೊರಡುವುದು 24ರ ರಾತ್ರಿ 12:25. ವಾಪಸ್ ದಾರಿಗೆ ಒಂದು ಬ್ಯಾಗು ಸೇರಿಸಿದರೂ 9,000 ಉಳಿಯುತ್ತದೆ. ತಗೊಳ್ಳಲೇ?

ಟಿಕೆಟ್_ಮೇಜು: ತಗೊಳ್ಳಿ. ಆದರೆ 24ರ 12:25 ಅಂದರೆ 23ರ ರಾತ್ರಿ ಒಂಬತ್ತೂವರೆಗೇ ಬೆಂಗಳೂರಿನ ಟರ್ಮಿನಲ್ 2ರಲ್ಲಿರಬೇಕು. ಮನೆಯಿಂದ ಹೊರಡುವ ಕ್ಯಾಬನ್ನೂ 23ಕ್ಕೇ ಬುಕ್ ಮಾಡಿ.