ಕಡಲ ಮನಿಗೆ ಮಳಿಗಾಲದ ಬೀಗ

ಹಾಂ, ಎಲ್ಲಾರಿಗೂ ನಮಸ್ಕಾರ್ರೀ. ಟೈಪ್ ಮಾಡಿ ಮುಗಿಯೂದಲ್ಲ ಇದು, ಮಾತಾಡೇ ಕಳಸ್ತೀನಿ. ಉದ್ದ ಆಗತೈತಿ, ಊಟ ಆದಮ್ಯಾಲೆ ಕೇಳ್ರಿ. ಗಂಗಾವತಿಯವರು ನಿನ್ನೆ ಗ್ರೂಪಿನಾಗ ಎರಡು ಕೇಳ್ಯಾರ. ಒಂದು, ಜೂನ್‌ದಿಂದ ಸೆಪ್ಟೆಂಬರ್ ತನಕ ಕುಮಟಾ ಕಡೆ ಕಡಲ ದಂಡಿಯ ನಮ್ಮ ಮನಿಗೆ ನಾವ್ಯಾರೂ ಹೋಗಂಗಿಲ್ಲ, ಆ ನಾಲ್ಕು ತಿಂಗಳದ ಮೇಂಟೆನೆನ್ಸ್ ಮನಿ ಮಾಲಕರ ಸಂಘಕ್ಕ ಯಾಕ ಕೊಡಬೇಕು. ಎರಡು, ಕಿಡಕಿಗೆಲ್ಲಾ ಪ್ಲಾಸ್ಟಿಕ್ ಬಡದು, ಸೋಫಾ-ಹಾಸಿಗಿಗೆ ಕವರ್ ಹೊಚ್ಚಿ, ಬೀಗ ಜಡದು ಬಂದ್ರ ಸಾಲದೇನು. ಎರಡಕ್ಕೂ ಉತ್ತರ ಒಂದೇ ಐತಿ: ಕಡಲ ದಂಡಿ ಮನಿ ಮಳಿಗಾಲದಾಗ ಬಿಗದು ಬಿಡೂದಲ್ಲ, ಗಾಳಿ ಆಡಿಸಿ ನೋಡಿಕೊಳ್ಳೂದು.

ನಮ್ಮ ಕೊಪ್ಪಳ, ಬಳ್ಳಾರಿ ಕಡೆ ಮನಿ ಮುಚ್ಚೂದು ಧೂಳಿಗೆ ಅಂಜಿ. ಸಂದಿ-ಗೊಂದಿ ಎಲ್ಲಾ ಬಿಗೀತೀವಿ, ಎರಡು ತಿಂಗಳು ಬಿಟ್ಟು ತೆಗದ್ರೂ ಒಳಗಿನ ಕಾಗದ ಗರಿಗರಿ ಇರತೈತಿ. ಅದೇ ಬುದ್ಧಿ ಕಡಲ ದಂಡಿಗೆ ಒಯ್ದ್ರ ಮನಿ ಕೊಳೀತೈತಿ. ಬಳ್ಳಾರಿಗೆ ವರ್ಷಕ್ಕ ಬೀಳೂದು ಹೆಚ್ಚುಕಡಿಮಿ 500 ಮಿಲಿಮೀಟರ್. ಉತ್ತರ ಕನ್ನಡದ ಕರಾವಳಿಗೆ 3000 ದಾಟತೈತಿ. ಜುಲೈ ಒಂದ ತಿಂಗಳದಾಗ ನಮ್ಮ ಇಡೀ ವರ್ಷದ ಮಳಿ ಬಿದ್ದು ಮ್ಯಾಲೆ ಉಳೀತೈತಿ. ಅದರ ಜೋಡಿ ಉಪ್ಪು. ಕಡಲ ಗಾಳಿಯಾಗಿನ ಉಪ್ಪು ಗೋಡಿ, ಗ್ರಿಲ್, ಹಾಸಿಗಿ ಮ್ಯಾಲೆ ಕಣ್ಣಿಗೆ ಕಾಣದಂಗ ಕುಂದರತೈತಿ, ಕುಂತಲ್ಲೇ ತೇವ ಎಳಕೋತೈತಿ. ಅಡಗಿಮನ್ಯಾಗ ಉಪ್ಪಿನ ಡಬ್ಬಿ ತೆರದಿಟ್ರ ಏನಾಗತೈತಿ, ಅದೇ. ಇಂಥಾದ್ರ ಮ್ಯಾಲೆ ಪ್ಲಾಸ್ಟಿಕ್ ಹೊಚ್ಚಿದ್ರ ಒಳಗಿನ ತೇವ ಎಲ್ಲಿಗೆ ಹೋಗಬೇಕು? ಅಕ್ಟೋಬರ್‌ದಾಗ ತೆಗದ್ರ ಹಾಸಿಗಿ ತಳದಾಗ ಕರೀ ಬೂಷ್ಟು, ಪ್ಲೈವುಡ್ ಅಲಮಾರಿ ಅಂಚು ಹಪ್ಪಳದಂಗ ಉಬ್ಬಿರತೈತಿ.

ಮಳಿಗಾಳಿ ಬರೂದು ಪಡುವಲದಿಂದ, ನೈರುತ್ಯದಿಂದ. ಆ ಕಡೆ ಕಿಡಕಿ-ಬಾಗಲಾ ಬಿಗಿಯಾಗಿ ಹಾಕ್ರಿ, ಹೊರಗ ತೆಂಗಿನಗರಿ ತಟ್ಟಿ ಕಟ್ಟಸ್ರಿ. ತಟ್ಟಿ ಮಳಿ ಏಟು ತಡೀತೈತಿ, ಗಾಳಿ ಬಿಡತೈತಿ; ಪ್ಲಾಸ್ಟಿಕ್ ಎರಡನ್ನೂ ಬಿಡಂಗಿಲ್ಲ, ಒಂದು ಜೋರ್ ಗಾಳಿಗೆ ಹರದು ಪಟಪಟ ಬಡೀತೈತಿ. ಮೂಡಲ ಕಡೆ ಮ್ಯಾಲಿನ ವೆಂಟಿಲೇಟರ್ ಸೊಳ್ಳಿ ಜಾಳಗಿ ಬಡದು ನಾಲ್ಕೂ ತಿಂಗಳು ತೆರದಿಡ್ರಿ. ಒಳಬಾಗಲಾ, ಅಲಮಾರಿ ಬಾಗಲಾ ಎಲ್ಲಾ ತೆರದು ಕಟಗಿ ತುಂಡು ಸಿಗಸ್ರಿ. ಹಾಸಿಗಿ ಎಬ್ಬಿಸಿ ಗೋಡಿಗೆ ತಾಗದಂಗ ನಿಲ್ಲಸ್ರಿ, ಸೋಫಾ ಗೋಡಿಯಿಂದ ಅರ್ಧ ಅಡಿ ಈಚೆ ಎಳೀರಿ. ಫ್ರಿಜ್ ಬಂದ್ ಮಾಡಿ, ಒರಸಿ, ಬಾಗಲಕ್ಕ ಹಳೇ ಚಪ್ಲಿ ಸಿಗಿಸಿದ್ರೂ ನಡೀತೈತಿ, ಮುಚ್ಚಬಾರದು ಅಷ್ಟ. ನುಸಿಗುಳಿಗಿ ಹುಳಕ್ಕ, ಬೂಷ್ಟಿಗಲ್ಲ. ತೇವ ಹೀರೂ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಸಿಗತಾವ, ಮುಚ್ಚಿದ ಟ್ರಂಕಿಗೆ ಚಲೋ. ತೆರದ ಅಲಮಾರಿಗೆ ಇಟ್ರ ಕಡಲನ್ನೇ ಒಣಗಸಾಕ ಹೊಂಟಂಗ.

ವಾಚ್‌ಮನ್ ವಾರಕ್ಕ ಎರಡು ಸಲ, ಮಳಿ ಬಿಟ್ಟ ಹೊತ್ತಿನಾಗ, ಎರಡು ತಾಸು ಕಿಡಕಿ ತೆರದು ಫ್ಯಾನ್ ಹಾಕಬೇಕು, ಬಚ್ಚಲದ ಟ್ರ್ಯಾಪಿಗೆ, ಅಂದ್ರ ಮೋರಿ ಬಾಯಿ ಕೆಳಗ ನೀರು ನಿಲ್ಲೂ ಬಾಗಿಗೆ, ಒಂದೊಂದು ಚಂಬು ನೀರು ಹಾಕಬೇಕು. ಟ್ರ್ಯಾಪಿನಾಗಿನ ಎರಡು ಇಂಚು ನೀರು ಆರಿತು ಅಂದ್ರ ಜಿರಳಿ, ವಾಸನಿ ಎರಡೂ ಒಳಗ. ಮೇಂಟೆನೆನ್ಸ್ ರೊಕ್ಕ ಮೊದಲು ಹೋಗೂದು ಇದಕ್ಕ.

ಆಮ್ಯಾಲೆ ಮಾಳಿಗಿ. ನಮ್ಮ ಕಡೆ ಮಂದಿ ಕಟ್ಟಸಿದ್ದು ನೋಡ್ರಿ, ಅರ್ಧಕ್ಕರ್ಧ ಸಪಾಟ ಆರ್‌ಸಿಸಿ. ಅಲ್ಲಿಯವರು ಹೆಂಚಿನ ಇಳಿಜಾರು ಸುಮ್ಮ ಹಾಕಿಲ್ಲ. ತಾಸಿಗೆ 100 ಮಿಲಿಮೀಟರ್ ಹೊಡೂವಂಥಾ ಮಳಿಗೆ 4 ಇಂಚಿನ ಒಂದು ಪೈಪು ಸುಮಾರು 40 ಚದರ ಮೀಟರ್ ಮಾಳಿಗಿ ನೀರು ಇಳಸತೈತಿ, ಅಷ್ಟ. 100 ಚದರ ಮೀಟರಿಗೆ ಮೂರು ಬೇಕು, ಬಾಳ ಮನಿಗೆ ಎರಡೇ ಅದಾವ. ಅದರಾಗ ಕಾಡುಬಾದಾಮಿ ಎಲಿ. ತೊಯ್ದ್ರ ಚರ್ಮದಂಗ ಆಗತೈತಿ, ಸಪಾಟ ಜಾಳಗಿ ಮ್ಯಾಲೆ ಒಂದೇ ಎಲಿ ಅಂಗಾತ ಕುಂತ್ರ ಬಾಯಿ ಮುಚ್ಚಿತು. ನೀರು ನಾಲ್ಕು ಇಂಚು ನಿಂತ್ರ ಆ ಮಾಳಿಗಿ ಮ್ಯಾಲೆ 10 ಟನ್ ಭಾರ. ಅದಕ್ಕ ಗುಮ್ಮಟದ ಆಕಾರದ ಜಾಳಗಿ ಹಾಕಸ್ರಿ. ಬುಡಕ್ಕ ಎಲಿ ಅಂಟಿದ್ರೂ ನೆತ್ತಿಯಿಂದ ನೀರು ಇಳೀತೈತಿ.

ಸ್ಲ್ಯಾಬಿನ ತಳದಾಗ ತುಕ್ಕಿನ ಗೆರಿ ಕಂಡ್ರ ಈಗ ಪ್ಲಾಸ್ಟರ್ ಮೆತ್ತಿಸಿ ಬಣ್ಣ ಹೊಡಸಬ್ಯಾಡ್ರಿ. ಸರಳಿನ ಕಬ್ಬಿಣ ತುಕ್ಕಾದಷ್ಟೂ ಮೊದಲಿನಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡೀತೈತಿ, ಮೆತ್ತಿದ್ದನ್ನೂ ಒಗೀತೈತಿ. ಸುತ್ತಿಗಿಲೆ ಹಗೂರಕ ಬಡದು ನೋಡ್ರಿ, ಡಬ್ ಡಬ್ ಅಂದಷ್ಟೂ ಜಾಗಕ್ಕ ಗುರುತು ಹಾಕಿ ಫೋಟೋ ತಗೀರಿ. ಕೆಲಸ ಡಿಸೆಂಬರ್-ಜನವರಿ ಒಣ ಹವಾಕ್ಕ: ಸರಳಿನ ಹಿಂದಕ್ಕೂ ಮುಕ್ಕಾಲು ಇಂಚು ಕಡದು, ತಂತಿ ಬ್ರಷಿಲೆ ಬೆಳ್ಳಗಾಗೂ ತನಕ ತಿಕ್ಕಿ, ಜಿಂಕ್ ಪ್ರೈಮರ್, ಆಮ್ಯಾಲೆ ಪಾಲಿಮರ್ ಗಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕಡಲ ದಂಡಿ ಹವಾಕ್ಕ ಸರಳಿನ ಮ್ಯಾಲೆ 45 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ನಮ್ಮೂರ ಮೇಸ್ತ್ರಿ ರೂಢಿ 20. ಸರಳು ಹೊರಗ ಬೀಳೂದು ಅದಕ್ಕ.

ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಸೂದಿದ್ರ ಇದೇ ವಾರ ಮಾಡಸ್ರಿ, ಆದಮ್ಯಾಲೆ ನೀರು ತುಂಬಸ್ರಿ. ಜುಲೈದಾಗ ಉಸುಕಿನ ನೆಲದಾಗ ನೀರು ಮ್ಯಾಲಕ್ಕ ಬಂದಿರತೈತಿ, ಖಾಲಿ ಟ್ಯಾಂಕು ದೋಣಿಯಂಗ ಎದ್ದು ಪೈಪು ಕಿತ್ತೊಗೀತೈತಿ, ಪ್ಲಾಸ್ಟಿಕ್ ಟ್ಯಾಂಕಿಗೆ ಅಂತೂ ಹೆಚ್ಚು. ಮಾಳಿಗಿ ಟ್ಯಾಂಕೂ ಖಾಲಿ ಬಿಡಬ್ಯಾಡ್ರಿ, ಗಾಳಿಗೆ ಉರುಳತೈತಿ. ಅರ್ಧ ನೀರು ಬಿಟ್ಟು, ಮುಚ್ಚಳಕ್ಕ ತಂತಿ ಬಿಗದು, ಓವರ್‌ಫ್ಲೋ ಬಾಯಿಗೆ ಜಾಳಗಿ ಕಟ್ಟಸ್ರಿ, ಡೆಂಗಿ ಸೊಳ್ಳಿ ತತ್ತಿ ಇಡೂದು ಅಲ್ಲೇ.

ಬಾವಿ ನೀರು ಏಪ್ರಿಲ್‌ದಾಗ ಸವಳಾಗತೈತಿ ಅಂತ ದೂರು ಬಾಳ ಐತಲ್ಲ. ಅಲ್ಲಿ ಸಿಹಿನೀರು ಉಪ್ಪುನೀರಿನ ಮ್ಯಾಲೆ ತೇಲತಿರತೈತಿ. ಸಿಹಿನೀರಿನ ಮಟ್ಟ 1 ಅಡಿ ಇಳದ್ರ ಕೆಳಗಿನ ಉಪ್ಪು ಲೆಕ್ಕದ ಪ್ರಕಾರ 40 ಅಡಿ ಏರತೈತಿ. ಆಳ ತೋಡಿಸಿದ್ರ ಉಪ್ಪಿಗೇ ಕೊಡ ಹಾಕಿದಂಗ. ಸಣ್ಣ ಮೋಟರ್, ಬಿಟ್ಟು ಬಿಟ್ಟು ನಡಸ್ರಿ, ಮಾಳಿಗಿ ನೀರು ಉಸುಕು-ಜಲ್ಲಿ ಗುಂಡಿಯಾಗ ಸೋಸಿ ಬಾವಿಗೆ ಬಿಡ್ರಿ. ನಾಲ್ಕು ತಿಂಗಳು ಪುಕ್ಕಟೆ ಬೀಳೂ ನೀರ್ರಿ ಅದು.

ಇನ್ವರ್ಟರ್ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಡಿಸ್ಟಿಲ್ಡ್ ನೀರು ಹಾಕಿ, ಮೊದಲು ಮೈನಸ್ ವೈರ್ ಬಿಚ್ರಿ, ತುದಿಗೆ ವ್ಯಾಸಲೀನ್ ಹಚ್ರಿ. 12.4 ವೋಲ್ಟ್ ಕೆಳಗ ಇಳದ್ರ ಒಂದು ದಿನ ಚಾರ್ಜಿಗೆ ಹಾಕಂತ ವಾಚ್‌ಮನ್‌ಗೆ ಹೇಳ್ರಿ. ಎಸಿ ಹೊರಗಿನ ಡಬ್ಬಿಗೆ ಸಿಹಿನೀರು ಹಗೂರಕ ಹೊಡದು ಉಪ್ಪು ತೊಳಸ್ರಿ, ನೆತ್ತಿ ಮ್ಯಾಲೆ ಮಾತ್ರ ತಗಡು, ಮೈಗೆಲ್ಲಾ ಚೀಲ ಸುತ್ತಬ್ಯಾಡ್ರಿ. ಹೆಸ್ಕಾಂ ಬಿಲ್ ಕರೆಂಟ್ ಬಳಸದಿದ್ರೂ ನಿಗದಿ ಶುಲ್ಕ ಅಂತ ಬರತೈತಿ, ಕಟ್ರಿ.

ಮನಿ ಮುಂದಿನ ದಂಡಿ ಉಸುಕು ಹೋತು ಅಂತ ಯಾರೂ ಗಾಬರಿಯಾಗಿ ಗೋಡಿ ಕಟ್ಟಸಾಕ ಹೋಗಬ್ಯಾಡ್ರಿ. ಮಳಿಗಾಲದ ತೆರಿ ಉಸುಕು ಕಡಲೊಳಗ ಒಯ್ತಾವ, ಬ್ಯಾಸಗಿಗೆ ಬಾಳಷ್ಟು ತಿರುಗಿ ತರತಾವ. ಗೋಡಿಗೆ ಬಡದ ತೆರಿ ಅದರ ಬುಡಾನೇ ತೋಡತೈತಿ, ಮ್ಯಾಲೆ ಸಿಆರ್‌ಝಡ್, ಅಂದ್ರ ಕಡಲ ದಂಡಿ ಕಟ್ಟಡದ ಸರ್ಕಾರಿ ನಿಯಮದ ತಕರಾರು ಬ್ಯಾರೆ.

ಹೋಗಲೇಬೇಕು ಅನ್ನೋರು ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ, ಅಂದ್ರ ಒಂದು ದಿನಕ್ಕ 204 ಮಿಲಿಮೀಟರ್ ದಾಟೂ ಅಂದಾಜು ಇದ್ದಾಗ, ಅರಬೈಲ್ ಘಟ್ಟ ಇಳಿಯಬ್ಯಾಡ್ರಿ. 2024ರ ಜುಲೈ 16ಕ್ಕ ಶಿರೂರ ಗುಡ್ಡ ಕುಸದದ್ದು ಅಂಕೋಲಾದಿಂದ ಕುಮಟಾಕ್ಕ ನಾವು ಹೋಗೂ ಹಾದಿ ಮ್ಯಾಲೇ. ಮೀನ ಆಸೆಗೂ ಹೋಗಬ್ಯಾಡ್ರಿ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗೆ ನಿಷೇಧ.

ಕೀಲಿ ಕೊಡೂವಾಗ ಹಿತ್ತಾಳಿ ಬೀಗದ್ದೇ ಕೊಡ್ರಿ, ಕಬ್ಬಿಣದ್ದು ಆಗಸ್ಟ್‌ಗೆ ತೆರಿಯಂಗಿಲ್ಲ. ಬೀಗದೊಳಗ ಎಣ್ಣಿ ಬಿಡಬ್ಯಾಡ್ರಿ, ಉಸುಕು ಹಿಡೀತೈತಿ. ಪೆನ್ಸಿಲ್ ಸೀಸ ಕೆರದು ಪುಡಿ ಊದ್ರಿ. ಮನಿ ನಂಬರ್ ಬರದು ಕೀಲಿ ಮೇ 30ರೊಳಗ ವಾಚ್‌ಮನ್ ಕೈಗೆ ಮುಟ್ಟಸ್ರಿ.